ಅದೇ ಒಂಬತ್ತು ಸಾವಿರ

ಗುರುತು ಸಿಗೋ ವಿವರ ಎಲ್ಲಾ ಬದಲಿ ಮಾಡೀನಿ, ಅವರನ್ನ ಕೇಳೇ ಬರೀಲಿಕ್ಕತ್ತೀನಿ. ನಾನು ಆಪ್ತಸಲಹೆಗಾರ್ತಿ, ಈ ಥರದ ಕೇಸು ನನ್ನ ಹತ್ರ ಬಂದಿದ್ದು ಇದು ನಾಲ್ಕನೇದು. ಹೋಮ್ ಲೋನ್ ಮಾಡಿಸಿಕೊಡೋ ಡಿಎಸ್‌ಎ (ಬ್ಯಾಂಕಿನ ಲೋನ್ ಏಜೆಂಟ್) ಒಂದ್ಕಡೆ, ಮನಿ-ಪ್ಲಾಟ್ ಕೊಡಿಸೋ ಬ್ರೋಕರ್ ಇನ್ನೊಂದ್ಕಡೆ, ನಡುವ ಕಮಿಷನ್ ಜಗಳ. ಹುಬ್ಬಳ್ಳಿ-ಧಾರವಾಡ ನಡುವಿನ ನವನಗರ, ರಾಯಾಪುರ, ಸತ್ತೂರ ಕಡೆ ಮನಿ ಎದ್ದಂಗ ಎದ್ದಂಗ ಇಂಥ ಜೋಡಿಗಳೂ ಎದ್ದಾವ. ಮೊದ್ಲು ಒಂದೇ ಬೈಕಿನ ಮ್ಯಾಲೆ ತಿರುಗ್ತಾರ, ಆಮ್ಯಾಲೆ ಮಾರಿ ನೋಡಂಗಿಲ್ಲ.

ಈ ಸಲ ಬಂದವರು ಡಿಎಸ್‌ಎ, 38 ವಯಸ್ಸು, ಹುಬ್ಬಳ್ಳಿಯವರು. ಹೆಂಡ್ತಿ ಕರಕೊಂಡು ಬಂದಿದ್ರು. ನಾಲ್ಕು ತಿಂಗಳಿಂದ ನಿದ್ದಿ ಇಲ್ಲ, ಬಿಪಿ ಏರೇದ, ಸಣ್ಣ ಮಗಳ ಮ್ಯಾಲೆ ಒದರಾಡ್ತಾರ. "ಮನ್ಯಾಗ ಇದ್ರೂ ಇಲ್ಲದಂಗ ಇರ್ತಾರ್ರಿ ಮೇಡಂ" ಅಂದ್ರು ಆಕಿ. ಜೀವಕ್ಕ ಅಪಾಯ ಮಾಡ್ಕೊಳ್ಳೋ ವಿಚಾರ ಏನರೆ ಬರ್ತದೇನು ಅಂತ ಮೊದ್ಲು ಕೇಳ್ದೆ, ಹಂಗಿದ್ರ ಸೀದಾ ಧಾರವಾಡದ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್‌ಗೆ ಕಳಿಸ್ತಿದ್ದೆ. ಹಂಗೇನು ಇರ್ಲಿಲ್ಲ.

ಮೊದಲಿನ ಎರಡು ಸೆಶನ್ ಪೂರ್ತಿ ಬ್ರೋಕರ್ ಪುರಾಣ. ಕಾಲೇಜಿನ ದೋಸ್ತ, ಉಣಕಲ್ ಕೆರಿ ದಂಡಿಗೆ ಕೂಡಿ ಗಿರ್ಮಿಟ್ ತಿಂದವರು. ಬ್ಯಾಂಕು ಲೋನ್ ಬಿಟ್ಟ ಮ್ಯಾಲೆ ಡಿಎಸ್‌ಎಗೆ ಪೇಔಟ್ ಅಂತ ಕಮಿಷನ್ ಕೊಡ್ತದ, ಅದರಾಗ ರೂಪಾಯಿಗೆ ನಾಲ್ಕಾಣೆ ದೋಸ್ತಗ ಅಂತ ಬಾಯಿಮಾತಿನ ಮ್ಯಾಲೆ ನಡದಿತ್ತು. ಆಮ್ಯಾಲೆ ಅವ ಎಂಟಾಣೆ ಕೇಳಿದ. ಕೊಡದಿದ್ರ ಗಿರಾಕಿನ್ನ ಬ್ಯಾರೆಯವರ ಕಡೆ ಕಳಿಸ್ತೀನಿ ಅಂದ. ಇವರ ಸಿಟ್ಟಿಗೂ ಅರ್ಥ ಇತ್ತು ಬಿಡ್ರಿ. ಅವಂಗ ಕೊಳ್ಳೋರ ಕಡಿಂದ, ಮಾರೋರ ಕಡಿಂದ ದಲಾಲಿ ಮೊದಲೇ ಬಂದಿರ್ತದ, ಮತ್ತ ಇದರಾಗೂ ಅರ್ಧ ಬೇಕು, ಅದೂ ಲೋನ್ ಮಂಜೂರಿ ಪತ್ರ ಬಂದ ದಿವಸನ ಕ್ಯಾಶ್ ಬೇಕು, ಆದ್ರ ಇವರ ಪೇಔಟ್ ಬರೋದು ಲೋನಿನ ರೊಕ್ಕ ಬಿಟ್ಟ ಮ್ಯಾಲೆ, ಅದೂ ಟಿಡಿಎಸ್ (ಮೊದಲೇ ಹಿಡ್ಕೊಳ್ಳೋ ತೆರಿಗಿ) ಕಟ್ ಆಗಿ, ಮತ್ತ ಇನ್‌ಕಮ್ ಪೂರಾ ಇವರ ಪ್ಯಾನ್ ಮ್ಯಾಲೆ ಕಾಣ್ತದ, ದೋಸ್ತನ ಅರ್ಧಕ್ಕ ಒಂದು ಚೀಟಿನೂ ಇಲ್ಲ. ಬ್ರೋಕರ್ ಮಾತೂ ಪೂರಾ ಸುಳ್ಳಲ್ಲ. ಬಿಸಿಲಾಗ ಆರಾರು ತಿಂಗಳು ಸೈಟ್ ತೋರ್ಸಿ, ಇಸಿ (ಆಸ್ತಿಯ ಋಣಭಾರ ಪತ್ರ) ತಗಸಿ, ಗಿರಾಕಿ ಕೈ ಬಿಡದಂಗ ಹಿಡದವ ನಾನು, ಇವ ಎಸಿ ರೂಮಿನ್ಯಾಗ ಫೈಲ್ ಒಗೀತಾನ ಅಂತಿದ್ನಂತ.

ಮೂರನೇ ಸಲ ಬಂದಾಗ ನಾನು ಒಂದು ಹಾಳಿ ಮುಂದಿಟ್ಟೆ. ಕಡೀಕ ಮಾಡಿದ ಒಂದು ಕೇಸಿನ ಲೆಕ್ಕಾ ಬರೀರಿ, ಯಾರಿಗೆ ಎಷ್ಟು ಹೋತು ಅಂತ. ನಿಜ ಹೇಳ್ತೀನಿ, ದೋಸ್ತ ಎಷ್ಟು ತಿಂದಾನ ಅಂತ ಕಂಡ್ರ ಸಿಟ್ಟಿಗೆ ಒಂದು ಅಳತಿ ಸಿಗ್ತದ ಅನ್ನೋದಷ್ಟೇ ನನ್ನ ತಲ್ಯಾಗ ಇತ್ತು. ಅವರು ಬರದಿದ್ದು ಬ್ಯಾರೆನೇ.

30 ಲಕ್ಷದ ಲೋನ್, 20 ವರ್ಷ. ಗಿರಾಕಿ ನವಲಗುಂದ ಕಡೆಯ ಸಾಲಿ ಮಾಸ್ತರು. ಮೊದಲಿನ ಬ್ಯಾಂಕಿನ್ಯಾಗ ಪೇಔಟ್ 0.4 ಪರ್ಸೆಂಟ್, ಅಂದ್ರ 12 ಸಾವಿರ, ದೋಸ್ತನ ನಾಲ್ಕಾಣೆ 3 ಸಾವಿರ ತಗದ್ರ ಇವರಿಗೆ 9 ಸಾವಿರ. ದೋಸ್ತ ಎಂಟಾಣೆ ಕೇಳಿದ್ದಕ್ಕ ಇವರು ಫೈಲನ್ನ 0.6 ಪರ್ಸೆಂಟ್ ಕೊಡೋ ಹೋಮ್ ಲೋನ್ ಕಂಪನಿಗೆ ಹಾಕಿದ್ರು. ಪೇಔಟ್ 18 ಸಾವಿರ, ಅರ್ಧ ದೋಸ್ತಗ, ಇವರಿಗೆ ಮತ್ತ 9 ಸಾವಿರ.

ಪೆನ್ನು ಅಲ್ಲೇ ನಿಂತ್ತು. "ಬಡ್ಡಿ?" ಅಂತ ಕೇಳ್ದೆ. ಬ್ಯಾಂಕಿಂದು 8.5, ಕಂಪನಿದು 8.75. ತಾವೇ ಮೊಬೈಲ್‌ನ್ಯಾಗ ಇಎಂಐ ತಗದ್ರು. 26,035, ಇನ್ನೊಂದು 26,511. ತಿಂಗಳಿಗೆ 476. ಇದ ರೇಟ್ ಇದ್ರ 240 ಕಂತಿಗೆ ಒಂದು ಲಕ್ಷ 14 ಸಾವಿರ ಚಿಲ್ರೆ.

ಬಾಳೊತ್ತು ಸುಮ್ನಿದ್ರು. ಫ್ಯಾನಿನ ಗಾಳಿಗೆ ಹಾಳಿ ಹಾರ್ತಿತ್ತು, ಅಂಗೈ ಒತ್ತಿ ಹಿಡಕೊಂಡು ಕುಂತಿದ್ರು. ಆಮ್ಯಾಲೆ ಅಂದ್ರು, "ಮೇಡಂ, ನನಗ ಒಂದು ರೂಪಾಯಿ ಜಾಸ್ತಿ ಬಂದಿಲ್ಲ. ಅವ ಕೇಳಿದ್ದು ನಾ ನನ್ನ ಕಿಸೆದಿಂದ ಕೊಡ್ಲೇ ಇಲ್ಲ. ಮಾಸ್ತರ ಕಿಸೆದಾಗಿಂದ ತಗದು ಕೊಟ್ಟೀನಿ. ಆ ಮನಷ್ಯಾ ವಾಸ್ತುಶಾಂತಿಗೆ ಕರದು ನನ್ನ ಹೆಂಡ್ತಿಗೆ ಖಣಾ ಕೊಟ್ಟಾರ್ರಿ."

ನಿದ್ದಿ ಕೆಟ್ಟಿದ್ದು ಯಾವಾಗಿಂದ ಅಂತ ಕೇಳ್ದೆ. ಆ ವಾಸ್ತುಶಾಂತಿ ಆದ ವಾರದಿಂದ.

ಎರಡು ಸೆಶನ್ ನಾನೂ ದೋಸ್ತನ ಬೆನ್ನು ಹತ್ತಿ ಟೈಮ್ ಹಾಳ ಮಾಡಿದ್ದೆ. ಇದು ನನ್ನನ್ನ ಈಗೂ ಚುಚ್ಚತದ, ಯಾಕಂದ್ರ ಮೊದಲಿನ ಮೂರು ಕೇಸಿನ್ಯಾಗ ನಾನು ಇಬ್ಬರನ್ನೂ ಕೂಡ್ಸಿ ರಾಜಿ ಮಾಡಿಸಿ ಕಳಿಸೀನಿ. ಅಲ್ಲಿ ಗಿರಾಕಿ ಅನ್ನೋ ಮೂರನೇ ಮನಷ್ಯಾ ಇದ್ದ ಅಂತ ಕೇಳೇ ಇಲ್ಲ.

ಈ ಸಲ ರಾಜಿ ಬ್ಯಾಡ ಅಂದೆ. ಮೊದ್ಲು ಮಾಸ್ತರ ಕಡೆ ಹೋಗಿ ಇದ್ದದ್ದು ಇದ್ದಂಗ ಹೇಳ್ರಿ. ಫ್ಲೋಟಿಂಗ್ ರೇಟಿನ (ಬಡ್ಡಿ ಏರಿಳಿಯೋ) ಹೋಮ್ ಲೋನ್ ವ್ಯಕ್ತಿ ಹೆಸರಿಲೆ ಇದ್ರ ಮೊದಲೇ ಮುಗಿಸಿದ್ರೂ ದಂಡ ಇಲ್ಲ, ಮಾಸ್ತರದೂ ಫ್ಲೋಟಿಂಗೇ. ಅದಕ್ಕ ಕಡಿಮಿ ಬಡ್ಡಿಯ ಬ್ಯಾರೆ ಬ್ಯಾಂಕಿಗೆ ಲೋನ್ ಟ್ರಾನ್ಸ್‌ಫರ್ ಮಾಡ್ಸಿಕೊಡ್ರಿ, ಇಲ್ಲಾ ಅದೇ ಕಂಪನ್ಯಾಗ ರೇಟ್ ಇಳಿಸ್ಲಿಕ್ಕೆ ಅರ್ಜಿ ಹಾಕ್ಸ್ರಿ, ಅದಕ್ಕ ಬೀಳೋ ಪ್ರೊಸೆಸಿಂಗ್ ಫೀಜು ನಿಮ್ಮ ಕಡಿಂದ. "ಲೋನ್ ಲಗೂನ ಕ್ಲೋಸ್ ಆದ್ರ ಪೇಔಟ್ ವಾಪಸ್ ಹಿಡ್ಕೋತಾರ್ರಿ" ಅಂದ್ರು. ಹಿಡ್ಕೊಳ್ಳಿ ಅಂದೆ. ದೋಸ್ತಗ ಇನ್ನ ಮುಂದ ಕೊಡೋದಿದ್ರ ಪೇಔಟ್ ಜಮಾ ಆದ ಮ್ಯಾಲೆ, ಟಿಡಿಎಸ್ ಕಳದು ಉಳದಿದ್ದರಾಗ, ಬ್ಯಾಂಕಿನ ಮೂಲಕ, ಮತ್ತ ಗಿರಾಕಿಗೆ ಗೊತ್ತಿದ್ರ ಮಾತ್ರ. ಗಿರಾಕಿ ಮುಂದ ಬಾಯಿಬಿಟ್ಟು ಹೇಳ್ಲಿಕ್ಕೆ ಆಗದ ಪಾಲು ಕೊಡಬ್ಯಾಡ್ರಿ.

ಇದನ್ನ ಕೇಳಿ ನನ್ನ ಹಿರಿಯ ಸಹೋದ್ಯೋಗಿ ಒಬ್ಬರು ಬೈದ್ರು. ಆಪ್ತಸಲಹೆ ಅಂದ್ರ ದಾರಿ ಅವರೇ ಹುಡ್ಕೊಳ್ಳೋ ಹಂಗ ಮಾಡೋದು, ನೀ ಪಂಚಾಯ್ತಿ ಮಾಡಿದಿ ಅಂತ. ಒಪ್ತೀನಿ, ಪುಸ್ತಕದ ಪ್ರಕಾರ ತಪ್ಪು. ಆದ್ರ ಆ ಮನಷ್ಯಾಗ ಉಸಿರಾಟದ ಅಭ್ಯಾಸ ಹೇಳಿಕೊಟ್ಟು ಮಲಗಿಸಿದ್ರ ನಾನು ಮಾಸ್ತರ 476 ರೂಪಾಯಿ ಮ್ಯಾಲೆ ಚಾದರ ಹೊಚ್ಚಿದಂಗ ಆಗ್ತಿತ್ತು. ಎಲ್ಲಾ ತಪ್ಪಿತಸ್ಥ ಭಾವನೆನೂ ರೋಗ ಅಲ್ಲ, ಕೆಲವು ಬರೇ ಬಾಕಿ ಇರೋ ಲೆಕ್ಕ.

ಹೋದ್ರು. ಮಾಸ್ತರು ಎಲ್ಲಾ ಕೇಳಿ, ಸಿಟ್ಟಾಗ್ಲಿಲ್ಲಂತ, ಚಾ ತರಿಸಿ, "ಹಿಂಗ ಇನ್ನ ಎಷ್ಟು ಮಂದಿಗೆ ಮಾಡೀರಿ ತಮ್ಮಾ?" ಅಂತ ಕೇಳಿದ್ರಂತ.

ಮುಂದಿನ ಸಲ ಡೈರಿ ಹಿಡಕೊಂಡೇ ಬಂದ್ರು, ಹನ್ನೊಂದು ಹೆಸರು. ದೋಸ್ತ ಇನ್ನೂ ಮಾತಾಡ್ತಿಲ್ಲ, ಗಿರಾಕಿನ್ನ ಬ್ಯಾರೆಯವರ ಕಡೆ ಕಳಿಸ್ಲಿಕ್ಕತ್ಯಾನ, ಧಂದೆ ಅರ್ಧಕ್ಕ ಇಳದದ. ಮೊನ್ನೆ ಹೆಂಡ್ತಿ ಫೋನ್ ಮಾಡಿದ್ರು, ನಿದ್ದಿ ವಾರದಾಗ ನಾಲ್ಕು ದಿನ ಬರ್ತದಂತ, ಐದನೇ ಹೆಸರಿನವರು ಮಾತ್ರ ಬಾಗಿಲಾಗೇ ಬೈದು ಕಳಿಸಿದ್ರಂತ.