ಕ್ಲಚ್ ಪ್ಲೇಟ್ ಬಿಚ್ಚುವ ಮೊದಲು ಲಿವರ್ ಮುಟ್ಟಿ ನೋಡಿ

ರೇಸ್ ಕೊಟ್ಟರೆ ಎಂಜಿನ್ ಕಿರುಚುತ್ತದೆ, ಬೈಕ್ ಮಾತ್ರ ಎಳೆಯುವುದಿಲ್ಲ, ಕ್ಲಚ್ ಪ್ಲೇಟ್ ಮನೆಯಲ್ಲೇ ಬದಲಾಯಿಸಬಹುದಾ ಅಂತ ಕೇಳಿದ್ದೀರಿ. ಓದಿದ ಕೂಡಲೇ ನನಗೆ ಆಗುಂಬೆ ಘಾಟಿ ಕಣ್ಣ ಮುಂದೆ ಬಂತು.

ಸೋಮೇಶ್ವರದಿಂದ ಮೇಲೆ ಹತ್ತುತ್ತಿದ್ದೆವು. ಹಿಂದೆ ತಮ್ಮ, ಅವನ ತೊಡೆಯ ಮೇಲೆ ಮಲ್ಪೆಯಿಂದ ತಂದ ಒಣಮೀನಿನ ಚೀಲ. 150 ಸಿಸಿ ಗಾಡಿ, ಆಗ 38 ಸಾವಿರ ಕಿ.ಮೀ. ಓಡಿತ್ತು. ಆ ಘಾಟಿಯಲ್ಲಿ 14 ತಿರುವು. ನಾಲ್ಕನೇ ತಿರುವಿನ ಹೊತ್ತಿಗೆ ಸೆಕೆಂಡ್ ಗೇರಿನಲ್ಲಿ ಎಂಜಿನ್ ಸದ್ದು ಏರುತ್ತಾ ಹೋಯಿತು, ಸ್ಪೀಡ್ ಇಳಿಯುತ್ತಾ ಹೋಯಿತು. ಫಸ್ಟಿಗೆ ಹಾಕಿದೆ, ಆಗಲೂ ಅಷ್ಟೇ. "ಅಣ್ಣಾ, ಏನೋ ಸುಟ್ಟ ವಾಸನೆ" ಅಂದ ತಮ್ಮ. ಅವನನ್ನು ಹಿಂದಿನಿಂದ ಬಂದ ಬಸ್ಸಿಗೆ ಹತ್ತಿಸಿದೆ. ಆಮೇಲೆ ಎರಡು ತಿರುವಿಗೊಮ್ಮೆ ನಿಲ್ಲಿಸಿ, ಎಂಜಿನ್ ಆರಲು ಬಿಟ್ಟು, ಮತ್ತೆ ಹತ್ತಿಸಿ, ಅಂತೂ ಸೂರ್ಯಾಸ್ತ ನೋಡುವ ಜಾಗ ಮುಟ್ಟುವಾಗ ಪೂರ್ತಿ ಕತ್ತಲಾಗಿತ್ತು.

ಮರುದಿನ ತೀರ್ಥಹಳ್ಳಿಯ ಗ್ಯಾರೇಜಿಗೆ ಕೊಟ್ಟೆ. ಪ್ಲೇಟ್ ಸುಟ್ಟಿದೆ ಅಂದರು, ಹೊಸದು ಹಾಕಿದರು. ಆಯಿಲ್ ಸೇರಿ 2,100 ರೂಪಾಯಿ ಆಯಿತು. ನಾಲ್ಕು ಸಾವಿರ ಕಿ.ಮೀ. ಓಡುವಷ್ಟರಲ್ಲಿ ಅದೇ ಕಿರುಚು, ಅದೇ ವಾಸನೆ.

ಈ ಎರಡನೇ ಸೆಟ್ ಸುಟ್ಟದ್ದು ನನ್ನ ಕೈಯಿಂದಲೇ. ಮೊದಲನೆಯದೂ ಹಾಗೇ ಸುಟ್ಟಿತ್ತು, ಗೊತ್ತಾದದ್ದು ಆಮೇಲೆ. ನನಗೆ ಕ್ಲಚ್ ಲಿವರ್ ಲೂಸ್ ಇದ್ದರೆ ಇಷ್ಟವಾಗುತ್ತಿರಲಿಲ್ಲ. ಬೆರಳು ಇಟ್ಟ ಕೂಡಲೇ ಹಿಡಿಯಬೇಕು, ಅದೇ ಚೆನ್ನಾಗಿರುವ ಗಾಡಿಯ ಲಕ್ಷಣ ಅಂದುಕೊಂಡಿದ್ದೆ. ಗ್ಯಾರೇಜಿನವರು ಸರಿಯಾಗಿ ಬಿಟ್ಟುಕೊಟ್ಟಿದ್ದ ಪ್ಲೇಯನ್ನು, ಅಂದರೆ ಭಾರ ಸಿಗುವ ಮೊದಲು ಲಿವರ್ ಸುಮ್ನೆ ಸರಿಯುವ ಆ ಚೂರು ಜಾಗವನ್ನು, ಮನೆಗೆ ಬಂದ ಸಂಜೆಯೇ ಲಿವರ್ ಹತ್ತಿರದ ಅಡ್ಜಸ್ಟರ್ (ಕೇಬಲ್ ಬಿಗಿ-ಸಡಿಲ ಮಾಡುವ ತಿರುಪು) ತಿರುಗಿಸಿ ತೆಗೆದುಹಾಕಿದೆ. ಒಂದು ಚೂರೂ ಉಳಿಸಲಿಲ್ಲ.

ಎರಡನೇ ಸಲ ಹೋದಾಗ ಅಲ್ಲಿನ ಹಿರಿಯ ಮೆಕ್ಯಾನಿಕ್ ಸ್ಪ್ಯಾನರ್ ಎತ್ತಿಕೊಳ್ಳಲೇ ಇಲ್ಲ. ಲಿವರನ್ನು ಒಂದೇ ಬೆರಳಲ್ಲಿ ಮುಟ್ಟಿದರು. "ಇದನ್ನು ಯಾರು ಟೈಟ್ ಮಾಡಿದ್ದು ಮಾರಾಯಾ?" ಅಂದರು. ನಾನೇ ಅಂದೆ. "ಹಾಗಾದ್ರೆ ಎಷ್ಟು ಸೆಟ್ ಪ್ಲೇಟ್ ಹಾಕಿದ್ರೂ ಅಷ್ಟೇ" ಅಂದರು.

ಅವರು ವಿವರಿಸಿದ್ದನ್ನು ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ, ಯಾಕೆಂದರೆ ಇದನ್ನು ತಿಳಿಯದೆ ಎರಡು ಸೆಟ್ ಕಳೆದುಕೊಂಡವನು ನಾನು. ಕ್ಲಚ್ ಒಳಗೆ ಫ್ರಿಕ್ಷನ್ ಪ್ಲೇಟು, ಸ್ಟೀಲ್ ಪ್ಲೇಟು ಒಂದರ ಮೇಲೊಂದು ಇರುತ್ತವೆ. ಸ್ಪ್ರಿಂಗುಗಳು ಅವನ್ನು ಒಟ್ಟಿಗೆ ಒತ್ತಿ ಹಿಡಿಯುತ್ತವೆ. ಆ ಒತ್ತಡ ಇರುವುದರಿಂದಲೇ ಎಂಜಿನ್ನಿನ ಶಕ್ತಿ ಚಕ್ರಕ್ಕೆ ಹೋಗುತ್ತದೆ. ನಾವು ಲಿವರ್ ಎಳೆದರೆ ಕೇಬಲ್ ಮೂಲಕ ಆ ಸ್ಪ್ರಿಂಗನ್ನು ಹಿಂದಕ್ಕೆ ದೂಡುತ್ತೇವೆ, ಪ್ಲೇಟುಗಳು ಬಿಡುತ್ತವೆ. ಲಿವರಿನಲ್ಲಿ ಪ್ಲೇ ಇಲ್ಲ ಅಂದರೆ ನೀವು ಕೈ ತೆಗೆದರೂ ಕೇಬಲ್ ಎಳೆದುಕೊಂಡೇ ಇರುತ್ತದೆ. ಅಂದರೆ ದಿನವಿಡೀ ಹಾಫ್ ಕ್ಲಚ್‌ನಲ್ಲಿ ಓಡಿಸಿದ ಹಾಗೆ. ಸಪಾಟು ರಸ್ತೆಯಲ್ಲಿ ಗೊತ್ತಾಗುವುದಿಲ್ಲ. ಏರು ಬಂದಾಗ, ಹಿಂದೆ ಒಬ್ಬರು ಕೂತಾಗ ಪ್ಲೇಟ್ ಜಾರುತ್ತದೆ, ಜಾರಿದರೆ ಬಿಸಿಯಾಗುತ್ತದೆ, ಬಿಸಿಯಾದರೆ ಸುಡುತ್ತದೆ.

ಇನ್ನೊಂದು ವಿಷಯ ನನಗೆ ಗೊತ್ತೇ ಇರಲಿಲ್ಲ. ಪ್ಲೇಟ್ ಸವೆದಂತೆ ಲಿವರ್ ಪ್ಲೇ ಜಾಸ್ತಿ ಆಗುತ್ತದೆ ಅಂದುಕೊಂಡಿದ್ದೆ, ಬ್ರೇಕಿನ ಹಾಗೆ. ಕ್ಲಚ್‌ನಲ್ಲಿ ಉಲ್ಟಾ. ಪ್ಲೇಟ್ ಸವೆದರೆ ಪ್ಲೇ ಕಡಿಮೆ ಆಗುತ್ತಾ ಬರುತ್ತದೆ. ಕೇಬಲ್ ಉದ್ದವಾದರೆ ಮಾತ್ರ ಜಾಸ್ತಿ ಆಗುತ್ತದೆ. ಹಾಗಾಗಿ ಒಮ್ಮೆ ಸರಿಯಾಗಿ ಇಟ್ಟ ಪ್ಲೇ ಕೂಡ ಕೆಲವು ಸಾವಿರ ಕಿ.ಮೀ. ಆದ ಮೇಲೆ ಇಲ್ಲವಾಗಿರಬಹುದು. ನಾನು ಮೊದಲೇ ಏನೂ ಉಳಿಸದೆ ಇಟ್ಟವನು, ಸವೆಯಲು ಜಾಗ ಎಲ್ಲಿತ್ತು?

ಅದಕ್ಕೇ ಹೇಳುವುದು, ಮನೆಯಲ್ಲಿ ಪ್ಲೇಟ್ ಹಾಕಬಹುದಾ ಅನ್ನುವ ಪ್ರಶ್ನೆ ಈಗಲೇ ಬೇಡ. ಪ್ಲೇಟ್ ಯಾಕೆ ಜಾರುತ್ತಿದೆ ಅನ್ನುವುದು ಮೊದಲು ಗೊತ್ತಾಗಬೇಕು. ಎಂಜಿನ್ ತಣ್ಣಗಿರುವಾಗ ಲಿವರಿನ ತುದಿಗೆ ಸ್ಕೇಲ್ ಹಿಡಿಯಿರಿ. ಭಾರ ಸಿಗುವವರೆಗೆ ಎಷ್ಟು ಸುಮ್ನೆ ಸರಿಯುತ್ತದೆ ನೋಡಿ. ದಿನಬಳಕೆಯ ಅನೇಕ ಕಮ್ಯೂಟರ್ ಗಾಡಿಗಳಲ್ಲಿ ಅದು 10ರಿಂದ 20 ಮಿ.ಮೀ. ಇರಬೇಕು. ಕೆಲವು ಗಾಡಿಗಳಲ್ಲಿ ಲಿವರಿನ ಬುಡದಲ್ಲಿ 2-3 ಮಿ.ಮೀ. ಅಂತ ಅಳೆಯುತ್ತಾರೆ. ನಿಮ್ಮ ಗಾಡಿಯ ಜೊತೆ ಬಂದ ಪುಸ್ತಕದಲ್ಲಿ ಇರುತ್ತದೆ, ಅದನ್ನೇ ನಂಬಿ. ಆಮೇಲೆ ಹ್ಯಾಂಡಲನ್ನು ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸಿ ಮತ್ತೆ ಅಳೆಯಿರಿ. ಒಂದು ಕಡೆ ತಿರುಗಿಸಿದಾಗ ಪ್ಲೇ ಮಾಯವಾದರೆ ಕೇಬಲ್ ಎಲ್ಲೋ ತಪ್ಪು ದಾರಿಯಲ್ಲಿ ಹೋಗಿದೆ.

ಪ್ಲೇ ಇಲ್ಲದಿದ್ದರೆ ಲಿವರ್ ಹತ್ತಿರದ ಅಡ್ಜಸ್ಟರನ್ನು ಪೂರ್ತಿ ಒಳಗೆ ತಿರುಗಿಸಿ. ನಂತರ ಎಂಜಿನ್ ಹತ್ತಿರದ ದೊಡ್ಡ ಅಡ್ಜಸ್ಟರಿನಲ್ಲಿ ಸರಿಮಾಡಿ, ಲಾಕ್ ನಟ್ ಬಿಗಿ ಮಾಡಿ. ಸಣ್ಣಪುಟ್ಟದ್ದಕ್ಕೆ ಮಾತ್ರ ಮೇಲಿನದು. ಲಿವರ್ ತಾನಾಗಿ ಪಟ್ಟನೆ ವಾಪಸ್ ಬರದಿದ್ದರೆ ಕೇಬಲ್ ನೋಡಿ. ಲಿವರ್ ಒಳಗಿನ ಗುಂಡು ತುದಿಯ ಬಳಿ ಒಂದೆರಡು ಎಳೆ ಕಿತ್ತಿದ್ದರೂ ಕೇಬಲ್ ಬದಲಾಯಿಸಿ. ಚೆನ್ನಾಗಿದ್ದರೆ, ಮತ್ತು ಎಣ್ಣೆ ಹಾಕಬೇಡಿ ಅಂತ ಪುಸ್ತಕದಲ್ಲಿ ಹೇಳಿಲ್ಲದಿದ್ದರೆ, ಬಿಚ್ಚಿ ತೂಗುಹಾಕಿ. ಪ್ಲಾಸ್ಟಿಕ್ ಕವರಿನ ಮೂಲೆ ಕತ್ತರಿಸಿ ಕೇಬಲ್ ತುದಿಗೆ ರಬ್ಬರ್ ಬ್ಯಾಂಡಿನಲ್ಲಿ ಕಟ್ಟಿ, ಅದರೊಳಗೆ ಎಣ್ಣೆ ಹಾಕಿಡಿ. ಬೆಳಗಾಗುವಷ್ಟರಲ್ಲಿ ಕೆಳಗಿನ ತುದಿಯಿಂದ ಹನಿ ಇಳಿದಿರುತ್ತದೆ.

ಇಷ್ಟಾದ ಮೇಲೂ ಜಾರುತ್ತಿದೆಯಾ ಅಂತ ತಿಳಿಯಲು ಖಾಲಿ ಜಾಗದಲ್ಲಿ ಎಂಜಿನ್ ಬಿಸಿಮಾಡಿ, ಹಿಂದಿನ ಬ್ರೇಕ್ ಗಟ್ಟಿಯಾಗಿ ತುಳಿದು, ಥರ್ಡ್ ಗೇರಿನಲ್ಲಿ ಸ್ವಲ್ಪ ರೇಸ್ ಕೊಟ್ಟು ಕ್ಲಚ್ ನಿಧಾನ ಬಿಡಿ. ಎದುರಿಗೆ ಯಾರೂ ಇರಬಾರದು. ಗಾಡಿ ಆಫ್ ಆಗಬೇಕು. ಆಫ್ ಆಗದೆ ಎಂಜಿನ್ ಸದ್ದು ಮಾಡುತ್ತಲೇ ಇದ್ದರೆ ಜಾರುತ್ತಿದೆ. ಒಂದೇ ಸಲ ಮಾಡಿ, ಪದೇ ಪದೇ ಮಾಡಿದರೆ ಉಳಿದ ಪ್ಲೇಟೂ ಹೋಗುತ್ತದೆ. ಇನ್ನು ನ್ಯೂಟ್ರಲ್ ಸಿಗುವುದಿಲ್ಲ, ಲಿವರ್ ಹಿಡಿದರೂ ಗಾಡಿ ಮುಂದಕ್ಕೆ ತಳ್ಳುತ್ತದೆ ಅಂದರೆ ಅದು ಬೇರೆ ಕಾಯಿಲೆ, ಅಲ್ಲಿ ಪ್ಲೇ ಜಾಸ್ತಿಯಾಗಿರುತ್ತದೆ ಅಥವಾ ಸ್ಟೀಲ್ ಪ್ಲೇಟ್ ಬಾಗಿರುತ್ತದೆ.

ಆಯಿಲ್ ಕೂಡ ಕೇಳಿಕೊಳ್ಳಿ. ಇತ್ತೀಚೆಗೆ ಯಾರಾದರೂ ಕಾರಿನ ಆಯಿಲ್ ಹಾಕಿದ್ದಾರಾ? ಹೆಚ್ಚಿನ ಬೈಕುಗಳಲ್ಲಿ ಕ್ಲಚ್ ಎಂಜಿನ್ ಆಯಿಲಿನಲ್ಲೇ ಮುಳುಗಿರುತ್ತದೆ. ಕಾರಿನ ಎಷ್ಟೋ ಆಯಿಲುಗಳಲ್ಲಿ ಜಾರಿಕೆ ಹೆಚ್ಚಿಸುವ ರಾಸಾಯನಿಕ ಇರುತ್ತದೆ, ಪ್ಲೇಟಿಗೆ ಅದು ಆಗಿಬರುವುದಿಲ್ಲ. ಡಬ್ಬದ ಮೇಲೆ ಜಾಸೊ ಎಂಎ ಅಥವಾ ಎಂಎ2 (JASO MA, MA2) ಅಂತ ಇದೆಯಾ ನೋಡಿ, ಇಂಥ ಕ್ಲಚ್ಚಿಗೆ ಆಗುವ ಬೈಕ್ ಆಯಿಲಿನ ಗುರುತು ಅದು, ಪುಸ್ತಕ ಬೇರೆ ಹೇಳಿದ್ದರೆ ಪುಸ್ತಕದ್ದೇ ಸರಿ.

ಪ್ಲೇ ಸರಿ, ಆಯಿಲ್ ಸರಿ, ಆದರೂ ಜಾರುತ್ತದೆ ಅಂದರೆ ಆಗ ಬಿಚ್ಚಿ. ಮನೆಯಲ್ಲಿ ಖಂಡಿತ ಆಗುತ್ತದೆ. ಮೂರನೇ ಸೆಟ್ ನಾನೇ ಅಂಗಳದಲ್ಲಿ ಕೂತು ಹಾಕಿದ್ದು. ಆಯಿಲ್ ಇಳಿಸಿ, ಕೇಬಲ್ ಕಳಚಿ, ಕವರ್ ತೆಗೆದೆ. ಕವರಿನ ಬೋಲ್ಟುಗಳು ಒಂದೇ ಉದ್ದ ಇರುವುದಿಲ್ಲ. ರಟ್ಟಿನ ಮೇಲೆ ಕವರಿನ ಆಕಾರ ಬರೆದು, ಆಯಾ ಜಾಗದಲ್ಲೇ ತೂತು ಮಾಡಿ ಚುಚ್ಚಿಟ್ಟೆ. ಪ್ಲೇಟ್ ಒಂದೊಂದು ತೆಗೆದಂತೆ ಫೋಟೊ ಹೊಡೆದೆ. ಫ್ರಿಕ್ಷನ್ ಪ್ಲೇಟಿನ ಮೈ ಕರಿ ಹಿಡಿದು ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಸ್ಟೀಲ್ ಪ್ಲೇಟಿನ ಮೇಲೆ ನೀಲಿ ಮಚ್ಚೆಗಳು, ನವಿಲುಗರಿಯ ಬಣ್ಣ. ಗಾಜಿನ ಮೇಲೆ ಇಟ್ಟು ಅಂಚು ಒತ್ತಿದರೆ ಎರಡು ಪ್ಲೇಟ್ ಟಕಟಕ ಅಂದವು, ಅಂದರೆ ಬಾಗಿವೆ. ಬಾಗಿದವನ್ನು ಉಳಿಸಿಕೊಳ್ಳಬೇಡಿ, ದುಡ್ಡು ಉಳಿಸುವ ಜಾಗ ಅದಲ್ಲ. ಸ್ಪ್ರಿಂಗನ್ನೂ ಜೊತೆಗೇ ಬದಲಾಯಿಸಿ.

ಹೊಸ ಫ್ರಿಕ್ಷನ್ ಪ್ಲೇಟನ್ನು ಹಿಂದಿನ ರಾತ್ರಿಯೇ ಎಂಜಿನ್ ಆಯಿಲಿನಲ್ಲಿ ನೆನೆಹಾಕಿಡಿ, ಒಣಗಿದ್ದನ್ನು ಹಾಕಬೇಡಿ. ಸ್ಪ್ರಿಂಗ್ ಬೋಲ್ಟುಗಳನ್ನು ಎದುರುಬದುರಾಗಿ, ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ. ಅವು ಸಣ್ಣವು, ಜೋರು ಮಾಡಿದರೆ ತಲೆ ಮುರಿಯುತ್ತದೆ. ಕವರಿನ ಅಂಚಿಗೆ ಆಯಿಲ್ ಸೋರದಂತೆ ಇಟ್ಟ ಹಳೆ ಗ್ಯಾಸ್ಕೆಟ್ ಕೆರೆಯುವಾಗ ಅಲ್ಯೂಮಿನಿಯಂ ಮೇಲೆ ಗೀರು ಬೀಳದ ಹಾಗೆ ನೋಡಿಕೊಳ್ಳಿ, ಬಿದ್ದರೆ ಅಲ್ಲಿಂದಲೇ ಆಯಿಲ್ ಸೋರುತ್ತದೆ. ಪ್ಲೇಟುಗಳು ಕೂರುವ ಹೊರಗಿನ ಬಟ್ಟಲು, ಅಂದರೆ ಬಾಸ್ಕೆಟಿನ ಸೀಳುಗಳಲ್ಲಿ ಪ್ಲೇಟಿನ ಕಿವಿಗಳು ಬಡಿದು ಹಳ್ಳ ಬಿದ್ದಿದ್ದರೆ ಮಾತ್ರ ನಿಲ್ಲಿಸಿ, ಗ್ಯಾರೇಜಿಗೆ ಒಯ್ಯಿರಿ. ಅದಕ್ಕೆ ನಡುವಿನ ನಟ್ ಬಿಚ್ಚಬೇಕು, ಹಿಡಿಯುವ ಟೂಲ್ ಇಲ್ಲದೆ ಉಳಿಯಿಟ್ಟು ಬಡಿದರೆ ಶಾಫ್ಟಿಗೇ ಪೆಟ್ಟು.

ನನ್ನ ಮೂರನೇ ಸೆಟ್ ಈಗ 26 ಸಾವಿರ ಕಿ.ಮೀ. ಓಡಿದೆ, ಅದೇ ಘಾಟಿ ಹತ್ತಿ ಇಳಿದು. ಪ್ರತಿ ಸಲ ಆಯಿಲ್ ಬದಲಾಯಿಸುವಾಗ ಸ್ಕೇಲ್ ಹಿಡಿಯುತ್ತೇನೆ.

ನಾಳೆ ಬೆಳಿಗ್ಗೆ ಗಾಡಿ ಸ್ಟಾರ್ಟ್ ಮಾಡುವ ಮೊದಲು ನೀವೂ ಅಳೆದು, ಎಷ್ಟು ಮಿ.ಮೀ. ಬಂತು, ಗಾಡಿ ಯಾವುದು, ಎಷ್ಟು ಓಡಿದೆ ಅಂತ ಇಲ್ಲೇ ಕೆಳಗೆ ಬರೆಯಿರಿ.