ಆ ಗೇಣಿ ಚೀಟು ಯಾರ ಪರವಾಗಿ ಮಾತನಾಡುತ್ತದೆ ಎಂದು ಮೊದಲು ನೋಡಿ

ನಿಮ್ಮ ಪ್ರಶ್ನೆಯನ್ನು ನಾನು ಅರ್ಥ ಮಾಡಿಕೊಂಡದ್ದು ಹೀಗೆ: ಬೆಳ್ತಂಗಡಿ ಕಡೆಯ ಗದ್ದೆ ಮತ್ತು ಅಡಿಕೆ ತೋಟವನ್ನು ನಿಮ್ಮ ಅಜ್ಜ 1966ರಲ್ಲಿ ಚಾಲಗೇಣಿಗೆ, ಅಂದರೆ ವರ್ಷದಿಂದ ವರ್ಷಕ್ಕೆ ನಡೆಯುವ ಗೇಣಿಗೆ, ಕೊಟ್ಟಿದ್ದರು. 1974ರಿಂದ ಒಕ್ಕಲಿನವರು, ಅಂದರೆ ಗೇಣಿಗೆ ಪಡೆದು ಸಾಗುವಳಿ ಮಾಡುವವರು, ಗೇಣಿ ಕೊಟ್ಟಿಲ್ಲ. ಈಗ ಆರ್‌ಟಿಸಿಯಲ್ಲಿ, ಅಂದರೆ ಪಹಣಿಯಲ್ಲಿ, ಅವರ ಮೊಮ್ಮಕ್ಕಳ ಹೆಸರಿದೆ. ಹಳೆಯ ಗೇಣಿ ಚೀಟು, ಅಂದರೆ ಗೇಣಿಯ ಕರಾರು ಪತ್ರ, ನಿಮ್ಮ ಕೈಯಲ್ಲಿದೆ. ಅದನ್ನು ಮುಂದಿಟ್ಟು ಬಾಕಿ ವಸೂಲಿ ಮಾಡಿ ಜಾಗ ಬಿಡಿಸಿಕೊಳ್ಳಬಹುದೇ ಎಂದು ಕೇಳಿದ್ದೀರಿ.

ಆಗುವುದಿಲ್ಲ. ನಾನು ವಕೀಲನಲ್ಲ. ಆದರೆ ಇಂಥದೇ ಧಣಿಗಳ ಮನೆಯಲ್ಲಿ ಹುಟ್ಟಿ, ಇದೇ ಪ್ರಶ್ನೆಗಾಗಿ ಎರಡು ವರ್ಷ ತಾಲೂಕು ಕಚೇರಿಗೆ ಅಲೆದವನು.

ನಮ್ಮ ಅಜ್ಜನದೊಂದು ಗೇಣಿ ಪುಸ್ತಕವಿತ್ತು. ಕೆಂಪು ಬಟ್ಟೆಯ ರಟ್ಟು, ಒಳಗೆ ಸೀಸದ ಕಡ್ಡಿಯ ಬರಹ. ಕೊನೆಯ ಸಾಲು: ‘12 ಮುಡಿ. ಸಂದದ್ದು 9. ಬಾಕಿ 3.’ ಮುಡಿ ಎಂದರೆ ಬೈಹುಲ್ಲಿನಲ್ಲಿ ಬಿಗಿದು ಕಟ್ಟಿದ 42 ಸೇರು ಅಕ್ಕಿ. ಆ ಮೂರು ಮುಡಿ ಬಾಕಿಯ ಮಾತು ನಮ್ಮ ಮನೆಯಲ್ಲಿ ನಲವತ್ತು ವರ್ಷ ನಡೆಯಿತು. ಬಾಕಿ ಇರುವ ತನಕ ಜಾಗ ನಮ್ಮದೇ ಎಂದು ಅಪ್ಪ ನಂಬಿದ್ದರು, ನಾನೂ ನಂಬಿದ್ದೆ.

ಕೊನೆಗೆ ಗೇಣಿದಾರರ ಹಕ್ಕಿನ ಅರ್ಜಿಗಳನ್ನು ತೀರ್ಮಾನಿಸಿದ ಭೂನ್ಯಾಯಮಂಡಳಿಯ ಕಡತದ ನಕಲು ಸಿಕ್ಕಿತು. ಅದರಲ್ಲಿ ಅಜ್ಜನ ಹೇಳಿಕೆ ಇತ್ತು: ‘ಅರ್ಜಿದಾರರು ವರ್ಷಕ್ಕೆ 12 ಮುಡಿ ಗೇಣಿ ಕೊಡುತ್ತಿದ್ದುದು ಹೌದು, 3 ಮುಡಿ ಬಾಕಿ ಇದೆ.’ ಬಾಕಿ ಕೇಳುವ ಆತುರದಲ್ಲಿ ಅವರೇ ನಮ್ಮ ಗೇಣಿದಾರರು ಎಂದು ಅಜ್ಜ ಒಪ್ಪಿಬಿಟ್ಟಿದ್ದರು. ಮಂಡಳಿ ಅದನ್ನೇ ಆಧಾರವಾಗಿಟ್ಟುಕೊಂಡು ಆದೇಶ ಬರೆದಿತ್ತು. ಅಜ್ಜ ಹೇಳಿದ್ದು ಸುಳ್ಳೂ ಅಲ್ಲ. ಅದೇ ಕಡತದಲ್ಲಿ ಒಕ್ಕಲಿನ ಹಿರಿಯರು ‘ಅಡಿಕೆ ಸಸಿ ನೆಟ್ಟದ್ದು ನಾನು, ಕೆರೆಯಿಂದ ನೀರು ಹೊತ್ತದ್ದು ನನ್ನ ಹೆಂಡತಿ’ ಎಂದಿದ್ದರು. ಅದನ್ನು ಓದಿದ ಮೇಲೆ ಅವರ ಮನೆಯ ದಾರಿಯಲ್ಲಿ ಮುಖ ತಿರುಗಿಸಿಕೊಂಡು ನಡೆಯಲು ನನಗೆ ಸಾಧ್ಯವಾಗಲಿಲ್ಲ.

ನಿಮ್ಮ ಚೀಟಿನ ಸ್ಥಿತಿಯೂ ಇದೇ. ಅವರು ಕೂಲಿಯಾಳುಗಳಾಗಿದ್ದರು, ಗೇಣಿದಾರರಲ್ಲ ಎಂದು ನೀವು ವಾದಿಸಬಹುದಾಗಿದ್ದ ದಾರಿಯನ್ನೂ ಆ ಚೀಟು ಮುಚ್ಚುತ್ತದೆ.

ಕಾನೂನು ಹೇಳುವುದು ಇಷ್ಟು. 1961ರ ಕರ್ನಾಟಕ ಭೂಸುಧಾರಣಾ ಕಾಯ್ದೆಗೆ ದೇವರಾಜ ಅರಸರ ಕಾಲದಲ್ಲಿ ಬಂದ ತಿದ್ದುಪಡಿ, ನಮ್ಮ ಕಡೆಯವರು ಭೂಮಸೂದೆ ಎಂದು ಕರೆಯುವುದು, 1974ರ ಮಾರ್ಚ್ 1ರಂದು ಜಾರಿಗೆ ಬಂತು. ಅಂದಿನವರೆಗೆ ಗೇಣಿದಾರರ ವಶದಲ್ಲಿದ್ದ ಕೃಷಿ ಭೂಮಿಯೆಲ್ಲ 44ನೇ ಸೆಕ್ಷನ್ ಪ್ರಕಾರ ಸರ್ಕಾರಕ್ಕೆ ಸೇರಿತು. ಆ ದಿನದ ನಂತರ ಬರಬೇಕಾದ ಮೊತ್ತಕ್ಕೂ ಸರ್ಕಾರವೇ ಹಕ್ಕುದಾರ. ಹಳೆಯ ಒಡೆಯನಿಗೆ ಕೊಟ್ಟರೂ ಅದು ಸಂದಾಯವಾದಂತೆ ಅಲ್ಲ. ಹಾಗಾಗಿ 1974ರಿಂದ ಅವರು ಗೇಣಿ ನಿಲ್ಲಿಸಿದ್ದು ಮೋಸವಲ್ಲ. ಅದಕ್ಕೂ ಹಿಂದಿನ ಬಾಕಿ ಏನಾದರೂ ಇದ್ದರೆ, ಗೇಣಿ ಬಾಕಿಯ ದಾವೆಗೆ ಕಾಲಮಿತಿ ಮೂರು ವರ್ಷ. ಅದು ಎಂದೋ ಮುಗಿದಿದೆ.

ಒಕ್ಕಲಿನವರು ಫಾರಂ 7 ತುಂಬಿ, ಅಂದರೆ ಡಿಕ್ಲರೇಶನ್ ಹಾಕಿ, ಮಂಡಳಿಯ ಮುಂದೆ ಹಕ್ಕು ಕೇಳಬೇಕಿತ್ತು. ಅದಕ್ಕೆ ಕೊನೆಯ ದಿನ 1979ರ ಜೂನ್ 30. ಅವರು ಡಿಕ್ಲರೇಶನ್ ಹಾಕದೇ ಇದ್ದಿದ್ದರೂ ಭೂಮಿ ತಾನಾಗಿ ನಿಮ್ಮ ಮನೆಗೆ ಮರಳುತ್ತಿರಲಿಲ್ಲ, ಏಕೆಂದರೆ ಅದು ಆಗಲೇ ಸರ್ಕಾರಕ್ಕೆ ಸೇರಿಯಾಗಿತ್ತು. ಇದನ್ನು ಒಪ್ಪಿಕೊಳ್ಳಲು ನಮ್ಮ ಮನೆಯವರಿಗೆ ಬಹಳ ಕಷ್ಟವಾಯಿತು.

‘ಎಸ್ಟೇಟಿಗೆ ಕಾಯ್ದೆ ತಾಗುವುದಿಲ್ಲ’ ಎಂದು ಯಾರೋ ಹೇಳಿದ್ದನ್ನೂ ಬರೆದಿದ್ದೀರಿ. ಕಾಫಿ, ಚಹಾ, ರಬ್ಬರ್, ಏಲಕ್ಕಿ, ಕಾಳುಮೆಣಸಿನಂಥ ಬೆಳೆಗಳ ಪ್ಲಾಂಟೇಶನ್‌ಗೆ ಭೂಮಿತಿಯಂಥ (ಒಬ್ಬರು ಹೊಂದಬಹುದಾದ ಭೂಮಿಯ ಗರಿಷ್ಠ ಮಿತಿ) ಕೆಲವು ವಿಷಯಗಳಲ್ಲಿ ವಿನಾಯಿತಿ ಇದೆ. ಆ ಪಟ್ಟಿಯಲ್ಲಿ ಅಡಿಕೆ ಇಲ್ಲ.

ಈಗ ಮಾಡಬೇಕಾದ ಕೆಲಸ ಹೇಳುತ್ತೇನೆ. ತಾಲೂಕು ಕಚೇರಿಯ ದಾಖಲೆ ಕೊಠಡಿಗೆ ಅರ್ಜಿ ಕೊಟ್ಟು ಮಂಡಳಿಯ ಆದೇಶದ ಮತ್ತು ಫಾರಂ 10ರ, ಅಂದರೆ ಅಧಿಭೋಗದ ಹಕ್ಕು (ಗೇಣಿದಾರರಿಗೆ ಸಿಕ್ಕಿದ ಭೂಮಿಯ ಹಕ್ಕು) ನೋಂದಣಿಯ ಪ್ರಮಾಣಪತ್ರದ, ದೃಢೀಕೃತ ನಕಲು ಪಡೆಯಿರಿ. ಅದರಲ್ಲಿ ಮೂರು ವಿಷಯ ನೋಡಿ. ನಿಮ್ಮ ಅಜ್ಜನಿಗೆ ನೋಟಿಸು ಜಾರಿಯಾಗಿತ್ತೇ? ಆಗಿರದಿದ್ದರೆ ಹೈಕೋರ್ಟಿಗೆ ರಿಟ್ ಹಾಕುವ ದಾರಿಯುಂಟು. ಆದರೆ ಐವತ್ತು ವರ್ಷದ ವಿಳಂಬಕ್ಕೆ ಬಲವಾದ ಕಾರಣ ಕೊಡಬೇಕಾಗುತ್ತದೆ, ಆಸೆ ಕಡಿಮೆಯೇ ಇಟ್ಟುಕೊಳ್ಳಿ. ಧಣಿಗೆ ಸಲ್ಲಬೇಕಾದ ಪರಿಹಾರದ ಹಣವನ್ನು ಅಜ್ಜ ಪಡೆದಿದ್ದರೇ? ಕೊನೆಯದಾಗಿ, ಆದೇಶದ ಸರ್ವೆ ನಂಬರು ಮತ್ತು ವಿಸ್ತೀರ್ಣ ಇಂದಿನ ಆರ್‌ಟಿಸಿಗೆ ತಾಳೆಯಾಗುತ್ತವೆಯೇ? ನಮ್ಮಲ್ಲಿ ಈ ತಾಳೆಯಿಂದಲೇ 18 ಸೆಂಟ್ಸ್ ಜಾಗ ಆದೇಶದಲ್ಲಿ ಸೇರದೆ ಉಳಿದದ್ದು ತಿಳಿಯಿತು, ಅದು ನಮ್ಮ ಹೆಸರಿನಲ್ಲೇ ಇತ್ತು.

ನಕಲು ಕೈಗೆ ಬರುವ ತನಕ ಅವರ ಅಂಗಳಕ್ಕೆ ಹೋಗಿ ಬಾಕಿ ಕೇಳಬೇಡಿ, ವಕೀಲರ ನೋಟಿಸನ್ನೂ ಕಳುಹಿಸಬೇಡಿ. ನಮ್ಮ ಅಪ್ಪ ಒಮ್ಮೆ ಹಾಗೆ ಹೋಗಿದ್ದರು. ಆ ಮನೆಯ ಹಿರಿಯರು ಒಳಗಿನಿಂದ ಚಾಪೆ ತಂದು ಹಾಸಿ ಕುಳ್ಳಿರಿಸಿದರು, ಬೆಲ್ಲ ನೀರು ಕೊಟ್ಟರು. ಅಪ್ಪ ಕುಡಿಯದೆ ಎದ್ದು ಬಂದರು. ಆ ಎರಡು ಮನೆಗಳ ನಡುವೆ ಹೋಗಿಬರುವುದು ಮತ್ತೆ ಶುರುವಾಗಲು ಹದಿನಾರು ವರ್ಷ ಬೇಕಾಯಿತು.