ಜನರ ಅಭಿಪ್ರಾಯದಿಂದ ಹವಾಮಾನ ಮಾತುಕತೆಗಳಲ್ಲಿ ಏನಾದರೂ ಬದಲಾಗುತ್ತದಾ?

ಖಂಡಿತ ಬದಲಾಗುತ್ತದೆ, ಆದರೆ ಜಾಸ್ತಿ ಮಟ್ಟಿಗೆ ಚುನಾವಣೆಯ ದಾರಿಯಲ್ಲಿ. ಆಸ್ಟ್ರೇಲಿಯಾವನ್ನೇ ನೋಡಿ. ಆಗಿನ ಪ್ರಧಾನಿ ಜಾನ್ ಹೊವಾರ್ಡ್ ಕ್ಯೋಟೋ ಒಪ್ಪಂದವನ್ನು (ಭೂಮಿಯನ್ನು ಬಿಸಿಮಾಡುವ ಅನಿಲಗಳನ್ನು ಶ್ರೀಮಂತ ದೇಶಗಳು ಕಡಿಮೆ ಮಾಡಬೇಕೆಂಬ ಜಾಗತಿಕ ಒಪ್ಪಂದ) ಅನುಮೋದಿಸಲು ವರ್ಷಗಟ್ಟಲೆ ಒಪ್ಪಲಿಲ್ಲ. ಅಷ್ಟರಲ್ಲಿ ಭೀಕರ ಬರ ಬಂತು. ಮರ್ರೆ-ಡಾರ್ಲಿಂಗ್ ನದಿ ಬಯಲಲ್ಲಿ ಭತ್ತದ ಬೆಳೆ ನೆಲಕಚ್ಚಿತು. ಪಟ್ಟಣಗಳಲ್ಲಿ ಕೈತೋಟಕ್ಕೆ ಪೈಪ್ ಹಿಡಿಯಲೂ ನಿರ್ಬಂಧ! ಹವಾಮಾನ ಮನೆಮನೆಯ ಮಾತಾಯಿತು. 2007ರ ನವೆಂಬರ್‌ನಲ್ಲಿ ಹೊವಾರ್ಡ್ ಸೋತರು, ಸ್ವಂತ ಕ್ಷೇತ್ರವೂ ಕೈಬಿಟ್ಟಿತು. (ಕಾರ್ಮಿಕ ಕಾನೂನಿನ ಮೇಲಿನ ಸಿಟ್ಟೂ ಇತ್ತು ಅನ್ನಿ.) ಕೆವಿನ್ ರಡ್ ಡಿಸೆಂಬರ್ 3ರಂದು ಪ್ರಧಾನಿಯಾದರು, ಅದೇ ದಿನ ಕ್ಯೋಟೋ ಅನುಮೋದನೆಗೆ ಸಹಿ ಹಾಕಿದರು. ಅವತ್ತೇ ಬಾಲಿಯಲ್ಲಿ ವಿಶ್ವಸಂಸ್ಥೆಯ ಹವಾಮಾನ ಸಮ್ಮೇಳನ ಶುರುವಾಗಿತ್ತು. ಆಸ್ಟ್ರೇಲಿಯಾದ ನಿಲುವು ಕೇಳಿ ಸಭೆ ಜೋರಾಗಿ ಚಪ್ಪಾಳೆ ತಟ್ಟಿತು.

ಆದರೆ ಜನರ ಒಲವು ಕಾಯಂ ಅಲ್ಲ. ಅದೇ ಆಸ್ಟ್ರೇಲಿಯಾದಲ್ಲಿ 2013ರ ಚುನಾವಣೆಯಲ್ಲಿ ಇಂಗಾಲ ತೆರಿಗೆ (ಇಂಗಾಲದ ಹೊಗೆ ಉಗುಳುವ ಕಂಪನಿಗಳ ಮೇಲಿನ ತೆರಿಗೆ) ತೆಗೆಯುತ್ತೇನೆಂದ ಟೋನಿ ಅಬಾಟ್ ಗೆದ್ದು ಪ್ರಧಾನಿಯಾದರು, ಮರುವರ್ಷವೇ ತೆಗೆದುಬಿಟ್ಟರು.